ಹಕ್ಕಿ ಹತ್ತಿಯಾದ ಮನೆಯಲ್ಲಿ

ನಮ್ಮ ವರ್ಣಮಾಲೆಯ ವ್ಯಂಜನಗಳ ಜೋಡಣೆಯಲ್ಲಿ ಒಂದು ಸೊಗಸಿದೆ. ಕವರ್ಗ ಹುಟ್ಟುವುದು ಗಂಟಲಿನ ಸಮೀಪದಲ್ಲಿ, ನಾಲಗೆಯ ಹಿಂಭಾಗ ಮೇಲೆದ್ದಾಗ. ಚವರ್ಗಕ್ಕೆ ನಾಲಗೆಯ ನಡುಭಾಗ ಅಂಗುಳನ್ನು ಮುಟ್ಟುತ್ತದೆ. ಟವರ್ಗಕ್ಕೆ ತುದಿ ಹಿಂದಕ್ಕೆ ಮಡಿಚಿಕೊಳ್ಳುತ್ತದೆ. ತವರ್ಗಕ್ಕೆ ಅದೇ ತುದಿ ಹಲ್ಲಿನ ಹಿಂದೆ ಬಂದು ನಿಲ್ಲುತ್ತದೆ. ಪವರ್ಗಕ್ಕೆ ತುಟಿಗಳೆರಡೂ ಕೂಡುತ್ತವೆ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಒಳಗಿನಿಂದ ಹೊರಕ್ಕೆ ಬರುವ ಮೆಟ್ಟಿಲುಗಳಿವು.

ಮಗುವು ಮಾತು ಕಲಿಯುವ ದಾರಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದದ್ದು. ಅದು ಹೊರಗಿನಿಂದ ಒಳಕ್ಕೆ ಹೋಗುತ್ತದೆ. ಅಮ್ಮ, ಅಪ್ಪ ಎಂಬ ಮಾತುಗಳು ಮೊದಲು ಬರುವುದಕ್ಕೆ ಪ್ರೀತಿಯಷ್ಟೇ ತುಟಿಯೂ ಕಾರಣ. ತುಟಿಯ ಚಲನೆ ಕಣ್ಣಿಗೆ ಕಾಣುತ್ತದೆ, ಗಂಟಲ ಬಳಿ ನಡೆಯುವುದು ಕಾಣುವುದಿಲ್ಲ. ಪ, ಬ, ಮ, ತ, ದ ಇವುಗಳ ಹಿಂದೆಯೇ ಕ, ಗ ಬರುತ್ತವೆ. ಸಕಾರ, ಶಕಾರ, ರಕಾರ, ಒತ್ತಕ್ಷರಗಳ ಗುಂಪು ಇನ್ನೂ ತಡವಾಗಿ ಕೂಡಿಕೊಳ್ಳುತ್ತವೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕುಗಳ ಪ್ರೌಢಶಾಲೆಗಳಲ್ಲಿ ವರ್ಗಾವಣೆಯಾದಲ್ಲೆಲ್ಲ ನಾನು ವರ್ಣಗಳ ಉತ್ಪತ್ತಿಸ್ಥಾನವನ್ನು ಪಾಠ ಮಾಡಿದ್ದೇನೆ. ಆ ಪಾಠ ಒಂದು ಮನೆಯ ಸುಖದುಃಖದ ವಿಷಯವೂ ಆಗಬಲ್ಲದೆಂಬುದನ್ನು ಮಾತ್ರ ಕಂಡದ್ದು ನಿವೃತ್ತಿಯಾದ ಮೇಲೆ, ನನ್ನ ತಂಗಿಯ ಮೊಮ್ಮಗನಿಂದ.

ತಂಗಿಯ ಮನೆ ಹೊಸನಗರ ತಾಲೂಕಿನಲ್ಲಿ, ನಗರದಿಂದ ಆಚೆಗಿರುವ ಒಂದು ಹಳ್ಳಿ. ಸೊಸೆ ತೀರ್ಥಹಳ್ಳಿ ಕಡೆಯವಳು. 2022ರ ದೀಪಾವಳಿಗೆ ನಾವು ಅಲ್ಲಿಗೆ ಹೋದಾಗ ಹುಡುಗನಿಗೆ ಐದು ತುಂಬಿತ್ತು. ಚುರುಕಾದ ಕಣ್ಣು, ಸದಾ ಓಡಾಟ. ಕೊಟ್ಟಿಗೆಯ ಕರುವಿನೊಡನೆ, ಅಂಗಳದ ನಾಯಿಯೊಡನೆ ಎಡೆಬಿಡದೆ ಮಾತನಾಡುತ್ತಿದ್ದ. ಮನುಷ್ಯರ ಮುಂದೆ ಮಾತ್ರ ಮೌನ. ನಾನು ಏನಾದರೂ ಕೇಳಿದರೆ ಕೈ ತೋರಿಸುವನು, ತಲೆಯಾಡಿಸುವನು, ಇಲ್ಲವೆ ಅಮ್ಮನ ಸೆರಗಿನ ಹಿಂದೆ ಸೇರಿಕೊಳ್ಳುವನು.

ಮೊದಲು ಹೀಗಿರಲಿಲ್ಲವೆಂದು ಸೊಸೆ ಹೇಳಿದಳು. ಆಗಸ್ಟಿನಲ್ಲಿ ಒಂದು ದಿನ ಅಂಗನವಾಡಿಯಲ್ಲಿ ಅವನಿಗೆ ಕಿವಿ ನೋವು ಬಂದಿದೆ. ಅಳುತ್ತ ಹೋಗಿ "ತಿವಿ ನೋಯ್ತು" ಎಂದಿದ್ದಾನೆ. ಕೇಳಿದವರು ಪಕ್ಕದ ಹುಡುಗ ತಿವಿದಿರಬೇಕೆಂದು ತಿಳಿದು ಆ ಹುಡುಗನನ್ನು ಗದರಿಸಿದ್ದಾರೆ. ಇವನು ಮತ್ತೆ "ತಿವಿ, ತಿವಿ" ಎಂದು ಅತ್ತಾಗ, ಆಯಿತಲ್ಲ, ಅವನಿಗೆ ಬೈದೆನಲ್ಲ ಎಂದು ಸುಮ್ಮನಿರಿಸಿದ್ದಾರೆ. ಸಂಜೆಯ ಹೊತ್ತಿಗೆ ಜ್ವರ, ರಾತ್ರಿ ಕಿವಿಯಿಂದ ಕೀವು. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಇಪ್ಪತ್ತು ಮಕ್ಕಳ ಗದ್ದಲದಲ್ಲಿ ಯಾರು ಕೇಳಿದ್ದರೂ ಹಾಗೆಯೇ ತಿಳಿಯುತ್ತಿದ್ದರು. ಆದರೆ ಹುಡುಗ ಅಂದಿನಿಂದ ಅಂಗನವಾಡಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಮಾತನಾಡಿ ಪ್ರಯೋಜನವಿಲ್ಲವೆಂದು ಐದು ವರ್ಷದ ಮಗು ತೀರ್ಮಾನಿಸಿಕೊಂಡಿತ್ತು. ಅವನು ಒಂದನೆಯ ತರಗತಿಗೆ ಹೋಗಲು ಆಗ ಉಳಿದಿದ್ದದ್ದು ಏಳೆಂಟು ತಿಂಗಳು.

ಮನೆಯಲ್ಲಿ ಔಷಧೋಪಚಾರಕ್ಕೆ ಕೊರತೆಯಿರಲಿಲ್ಲ. ಬಜೆಯನ್ನು ಜೇನಿನಲ್ಲಿ ತೇದು ನೆಕ್ಕಿಸಿದ್ದರು. ಒಂದೆಲಗದ ತಂಬುಳಿ ವಾರಕ್ಕೆರಡು ಬಾರಿ ಆಗುತ್ತಿತ್ತು. ನಾಲಗೆ ದಪ್ಪ ಎಂದು ಒಬ್ಬರು, ನಾಲಗೆಯ ಕೆಳಗಿನ ಪೊರೆ ಕತ್ತರಿಸಬೇಕೆಂದು ಇನ್ನೊಬ್ಬರು, ಅವನಪ್ಪನೂ ತಡವಾಗಿಯೇ ಮಾತು ಕಲಿತದ್ದು, ತಾನಾಗಿ ಸರಿಹೋಗುತ್ತದೆ ಎಂದು ನನ್ನ ತಂಗಿ. ಸೋಮಾರಿತನ, ಎರಡು ಬಾರಿಸಿದರೆ ಸರಿಯಾಗುತ್ತದೆ ಎಂದವರೂ ಇದ್ದರು. ಒಂದೆಲಗ ಒಳ್ಳೆಯ ಸೊಪ್ಪು, ತಂಬುಳಿಯೂ ರುಚಿ. ಒಂದು ವರ್ಷದೊಳಗಿನ ಶಿಶುವಿಗೆ ಜೇನು ಕೊಡಬಾರದೆಂಬುದನ್ನು ಬಿಟ್ಟರೆ ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಕಾರ ಹುಟ್ಟುವ ಜಾಗವನ್ನು ಇವು ಮುಟ್ಟುವುದಿಲ್ಲ.

"ಅಣ್ಣ, ನೀನು ಮೇಷ್ಟ್ರಾಗಿದ್ದವನು. ಎಂತಾರೂ ಮಾಡಿ ಸ್ವಲ್ಪ ತಿದ್ದು ನೋಡು" ಎಂದಳು ತಂಗಿ.

ತಿದ್ದುವ ಮೊದಲು ಕೇಳಿಸಿಕೊಳ್ಳಬೇಕಲ್ಲ. ಹಬ್ಬದ ಎರಡು ದಿನ ನಾನು ಒಂದು ಹಳೆಯ ನೋಟುಪುಸ್ತಕ ಹಿಡಿದು ಕೊಟ್ಟಿಗೆಯ ಬಳಿ, ಅಂಗಳದ ಮೂಲೆಯಲ್ಲಿ ಕುಳಿತೆ. ಅವನು ಕರುವಿಗೆ ಹೇಳಿದ್ದನ್ನೆಲ್ಲ ಬರೆದುಕೊಂಡೆ. ಹಕ್ಕಿ ಅವನ ಬಾಯಲ್ಲಿ ಹತ್ತಿ. ಕಾಗೆ ತಾದೆ. ಬೆಕ್ಕು ಬೆತ್ತು. ಮೂಗು ಮೂದು. ಅಡಿಕೆ ಅಡಿತೆ. ಗುಡ್ಡ ದುಡ್ಡ. ಕೊಟ್ಟಿಗೆ ತೊಟ್ಟಿದೆ! ಒಂಬತ್ತು ವರ್ಷದ ಅವನ ಅಕ್ಕ ಅವನಿಗೆ ಅತ್ತ. ಇನ್ನು ತಟ್ಟೆ, ದನ, ಟೊಪ್ಪಿ, ಚೀಲ, ಬಾಳೆ, ಮನೆ ಇವೆಲ್ಲ ಶುದ್ಧವಾಗಿಯೇ ಇದ್ದವು.

ಪಟ್ಟಿಯನ್ನು ಸಂಜೆ ದೀಪದ ಕೆಳಗೆ ನೋಡಿದಾಗ ನನಗೆ ಆಶ್ಚರ್ಯವಾಯಿತು. ಅದರಲ್ಲಿ ಒಂದೇ ಒಂದು ಅಡ್ಡಾದಿಡ್ಡಿಯಿಲ್ಲ. ಕ ಇದ್ದಲ್ಲೆಲ್ಲ ತ, ಗ ಇದ್ದಲ್ಲೆಲ್ಲ ದ. ಪದದ ಮೊದಲಿರಲಿ, ನಡುವಿರಲಿ, ಒತ್ತಿರಲಿ, ಇಲ್ಲದಿರಲಿ, ನಿಯಮಕ್ಕೆ ಭಂಗವಿಲ್ಲ. ಕ ಖ ಗ ಘ ಙ ಹೇಳೆಂದರೆ ಅವನು ಹೇಳುತ್ತಿದ್ದುದು "ತ ತ ದ ದ ನ". ಹುಡುಗ ಇಡೀ ಕವರ್ಗವನ್ನು ಎತ್ತಿ ತವರ್ಗದ ಮನೆಯಲ್ಲಿ ಇಟ್ಟಿದ್ದ. ಅಘೋಷಕ್ಕೆ ಅಘೋಷ, ಘೋಷಕ್ಕೆ ಘೋಷ, ಅನುನಾಸಿಕಕ್ಕೆ ಅನುನಾಸಿಕ. ವ್ಯಾಕರಣ ಕಲಿತ ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಇಷ್ಟು ಅಚ್ಚುಕಟ್ಟಾಗಿ ಸ್ಥಾನಪಲ್ಲಟ ಮಾಡಲಾರ. ರಕಾರವೊಂದು ಮಾತ್ರ ಬೇರೆ ಕತೆ, ಅವನ ರೊಟ್ಟಿ ಲೊಟ್ಟಿಯಾಗುತ್ತಿತ್ತು.

ಸೋಮಾರಿಯ ಮಾತಿನಲ್ಲಿ ಇಂಥ ನಿಯಮ ಇರುವುದಿಲ್ಲ. ಭಾಷೆಗಳ ಚರಿತ್ರೆಯಲ್ಲಿಯೂ ಇಂಥವು ನಡೆದಿವೆಯೆಂದು ನೆನಪಾಯಿತು. ನಾವು ಕಿವಿ ಎನ್ನುವುದನ್ನು ನೆರೆಯ ತಮಿಳು, ತೆಲುಗುಗಳು ಚೆವಿ ಎನ್ನುತ್ತವೆ. ನಮ್ಮ ಕೆರೆ ತೆಲುಗಿನಲ್ಲಿ ಚೆರುವು. ಹಿಂದಿದ್ದ ಕಕಾರವನ್ನು ಅವು ಬಾಯಿಯಲ್ಲಿ ಮುಂದಕ್ಕೆ ತಂದವು, ಕನ್ನಡ ಹಾಗೆಯೇ ಇಟ್ಟುಕೊಂಡಿತು. ನಾವೇನು ಕಡಿಮೆಯೆ? ಪಾಲನ್ನು ಹಾಲು ಮಾಡಿದೆವು, ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಜತನದಿಂದ ಲೆಕ್ಕಹಾಕಿದ ೞಕಾರವನ್ನು ಬಿಟ್ಟೇಬಿಟ್ಟೆವು. ನಾಡಿಗೆ ನಾಡೇ ಮಾಡಿದರೆ ಅದು ಭಾಷೆಯ ಬೆಳವಣಿಗೆ. ಮಗುವೊಂದು ಒಂಟಿಯಾಗಿ ಮಾಡಿದರೆ ಅದರ ಮಾತು ಯಾರಿಗೂ ತಲುಪುವುದಿಲ್ಲ, ಅಷ್ಟೇ ವ್ಯತ್ಯಾಸ.

ನಿಯಮ ತಿಳಿದ ಮಾತ್ರಕ್ಕೆ ಪರಿಹಾರ ತಿಳಿದಂತಾಗಲಿಲ್ಲ. ಕಕಾರವು ಸಾಮಾನ್ಯವಾಗಿ ಮೂರು ಮೂರೂವರೆ ವರ್ಷದೊಳಗೆ ಕನ್ನಡದ ಮಕ್ಕಳಿಗೆ ದಕ್ಕುತ್ತದೆ. ನಾಲ್ಕು ವರ್ಷದ ಮಗುವಿನ ಮಾತು ಹೊರಗಿನವರಿಗೂ ಬಹುಪಾಲು ಅರ್ಥವಾಗಬೇಕು. ಐದಾದರೂ ಆಗದಿದ್ದರೆ ತಿಳಿದವರಿಗೆ ತೋರಿಸಲೇಬೇಕು. ಕಿವಿ ಸೋರಿದ ಮಗು ಎಂಬ ಚಿಂತೆಯೂ ಇತ್ತು. ಕಿವಿಯ ಸೋಂಕು ವಾಸಿಯಾದ ಮೇಲೂ ಒಳಗೆ ದ್ರವ ನಿಂತು ವಾರಗಟ್ಟಲೆ ಕೇಳುವ ಶಕ್ತಿ ಮಂಕಾಗಿರಬಹುದು. ಕೇಳದ ಮಗುವಿಗೆ ಹೇಳಿಕೊಡುವುದು ಹೇಗೆ? ನವೆಂಬರಿನಲ್ಲಿ ತಾಳಗುಪ್ಪದಿಂದ ಸಾಗರದ ಮೇಲೆ ಹೋಗುವ ರಾತ್ರಿ ರೈಲಿನಲ್ಲಿ ಹುಡುಗ, ಅವನ ಅಪ್ಪ ಅಮ್ಮ, ನಾನು ಮೈಸೂರಿಗೆ ಹೊರಟೆವು.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾದದ್ದು. ಕೇಂದ್ರ ಸರ್ಕಾರದ ಈ ಸಂಸ್ಥೆಯ ಹೆಸರನ್ನು ಕೇಳಿದವರು ನಮ್ಮ ಹಳ್ಳಿಗಳಲ್ಲಿ ಈಗಲೂ ಕಡಿಮೆ. ಅದರ ನಿರ್ದೇಶಕರಾಗಿದ್ದ ನ. ರತ್ನ ಅವರನ್ನು ನಾಟಕಕಾರರೆಂದು ನಮ್ಮ ಹೆಗ್ಗೋಡಿನ ಸುತ್ತಿನ ರಂಗಾಸಕ್ತರು ಬಲ್ಲರು. ಕನ್ನಡದ ಮಕ್ಕಳಿಗೆಂದೇ 1972ರಲ್ಲಿ ಸಿದ್ಧವಾದ ಉಚ್ಚಾರಣಾ ಪರೀಕ್ಷೆಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಇದು ಸಣ್ಣ ಸಂಗತಿಯಲ್ಲ. ಇಂಗ್ಲಿಷಿನಲ್ಲಿ ಇಲ್ಲದ ಳಕಾರ ಣಕಾರಗಳು, ಕನ್ನಡಕ್ಕೆ ಸಹಜವಾದ ಒತ್ತಕ್ಷರಗಳು, ನಮ್ಮ ಮಗುವಿಗೆ ಗೊತ್ತಿರುವ ವಸ್ತುಗಳ ಚಿತ್ರಗಳು, ಇವೆಲ್ಲ ಇರುವ ಪರೀಕ್ಷೆಯನ್ನು ಬೇರೆ ಭಾಷೆಯಿಂದ ತಂದುಕೊಳ್ಳಲಾಗುವುದಿಲ್ಲ.

ಮೊದಲು ಕಿವಿಯ ಪರೀಕ್ಷೆ. ಹುಡುಗನ ಕಿವಿಗೆ ಹೆಡ್‌ಫೋನ್ ಇಟ್ಟು, ಶಬ್ದ ಕೇಳಿದಾಗಲೆಲ್ಲ ಒಂದು ಮಣಿಯನ್ನು ಡಬ್ಬಿಗೆ ಹಾಕೆಂದರು. ಅವನಿಗೆ ಅದು ಆಟ. ನಮಗೆ ಮಾತ್ರ ಒಂದೊಂದು ಮಣಿ ಬೀಳುವವರೆಗೂ ಉಸಿರು ಬಿಗಿಹಿಡಿದಂತಾಗುತ್ತಿತ್ತು. ಎರಡೂ ಕಿವಿ ಚೆನ್ನಾಗಿಯೇ ಕೇಳುತ್ತಿದ್ದವು. ಆಮೇಲೆ ಬಾಯಿಗೆ ಟಾರ್ಚು ಹಿಡಿದು ಅಂಗುಳು, ಹಲ್ಲು, ನಾಲಗೆ ನೋಡಿದರು. ನಾಲಗೆಯ ಪೊರೆಯ ವಿಷಯವನ್ನು ನಾನು ಕೇಳಿದೆ. ಅಲ್ಲಿನ ವಾಕ್ ತಜ್ಞೆ, ನನ್ನ ವಿದ್ಯಾರ್ಥಿನಿಯಾಗಿರಬಹುದಾದ ವಯಸ್ಸಿನವರು, ನಕ್ಕು ಹೇಳಿದರು: "ಸರ್, ಪೊರೆ ಬಿಗಿಯಾಗಿದ್ದರೆ ತೊಂದರೆಯಾಗೋದು ನಾಲಗೆಯ ತುದಿಗೆ. ಇವನು ತ, ದ, ಲ ಎಲ್ಲ ಎಷ್ಟು ಚೆನ್ನಾಗಿ ಹೇಳ್ತಾನೆ ನೋಡಿ. ಇವನಿಗೆ ಬೇಕಾಗಿರೋದು ಹಿಂಭಾಗ." ಐವತ್ತು ವರ್ಷಗಳ ಹಿಂದೆ ಬಾಯಿಪಾಠ ಮಾಡಿದ್ದ ಉತ್ಪತ್ತಿಸ್ಥಾನ ಆ ಕೋಣೆಯಲ್ಲಿ ನನಗೆ ಹೊಸದಾಗಿ ಅರ್ಥವಾಯಿತು.

ಅವರು ಹೇಳಿದ ಇನ್ನೊಂದು ಮಾತು ನಮ್ಮ ಮನೆಯವರಿಗೆಲ್ಲ ಸಮಾಧಾನ ತಂದಿತು. ನಾವು ಎಲ್ಲವನ್ನೂ ತೊದಲು ಎಂದು ಒಂದೇ ಚೀಲಕ್ಕೆ ಹಾಕುತ್ತೇವೆ. ಉಗ್ಗು ಬೇರೆ, ಅಲ್ಲಿ ಮಾತಿನ ಓಟ ತಡೆಯುತ್ತದೆ. ಮೂಗುಮಾತು ಬೇರೆ, ಅಂಗುಳು ಸೀಳಿದ ಮಕ್ಕಳಲ್ಲಿ ಗಾಳಿ ಮೂಗಿನಿಂದ ಹೋಗುತ್ತದೆ, ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು. ಮಾತೇ ಬಾರದಿರುವುದು ಬೇರೆ, ಕಿವುಡು ಬೇರೆ. ಇವನದು ಧ್ವನಿಗಳ ವ್ಯವಸ್ಥೆಯೊಂದು ಹಳೆಯ ಮೆಟ್ಟಿಲಲ್ಲೇ ನಿಂತುಬಿಟ್ಟಿರುವುದು. ಎರಡು ವರ್ಷಕ್ಕೆ ಎಲ್ಲ ಮಕ್ಕಳೂ ಮಾಡುವುದನ್ನು ಇವನು ಐದಕ್ಕೂ ಮಾಡುತ್ತಿದ್ದಾನೆ. ಕಲಿಸಿದರೆ ಬರುತ್ತದೆ. ಬಿಟ್ಟರೆ ನಾಳೆ ಬರೆಯುವಾಗಲೂ ಕಾಗೆಗೆ ತಕಾರ ಬರೆಯಬಹುದು. ರಕಾರಕ್ಕೆ ಮಾತ್ರ ಇನ್ನೊಂದು ವರ್ಷ ಕಾಯೋಣ ಎಂದರು.

ಪ್ರತಿ ಬಾರಿಯೂ ಮೈಸೂರಿಗೆ ಹೋಗುವುದು ಅಡಿಕೆ ಸುಲಿಯುವ ಕಾಲದಲ್ಲಿ ಸಾಧ್ಯವಿರಲಿಲ್ಲ. ಅದೇ ಸಂಸ್ಥೆ ಸಾಗರದ ಉಪವಿಭಾಗೀಯ ಆಸ್ಪತ್ರೆಯಲ್ಲಿ ಒಂದು ಹೊರಸೇವಾ ಕೇಂದ್ರವನ್ನು ತೆರೆದಿತ್ತು. ತಿಂಗಳಿಗೆ ಎರಡು ಬಾರಿ ಸೊಸೆ ಹುಡುಗನನ್ನು ಕರೆದುಕೊಂಡು ಬಸ್ಸಿನಲ್ಲಿ ಸಾಗರಕ್ಕೆ ಬರುವುದು, ನಮ್ಮ ಮನೆಯಲ್ಲಿ ಎರಡು ರಾತ್ರಿ ಉಳಿಯುವುದು, ಆಸ್ಪತ್ರೆಯಲ್ಲಿ ಹೇಳಿಕೊಟ್ಟದ್ದನ್ನು ಮನೆಯಲ್ಲಿ ಮುಂದುವರಿಸುವುದು ಎಂದು ಗೊತ್ತುಮಾಡಿಕೊಂಡೆವು. ತಿಂಗಳಲ್ಲಿ ಎರಡು ಗಂಟೆಯ ಕಲಿಕೆ ಸಾಲುವುದಿಲ್ಲ. ಉಳಿದದ್ದೆಲ್ಲ ಮನೆಯಲ್ಲಿಯೇ ಆಗಬೇಕು, ಆದರೆ ಮನೆಯನ್ನು ಶಾಲೆ ಮಾಡಬಾರದು ಎಂಬುದು ಅವರ ಮೊದಲ ಎಚ್ಚರಿಕೆ.

ಮೊದಲ ಮೂರು ವಾರ ಹುಡುಗನಿಂದ ಏನನ್ನೂ ಹೇಳಿಸಲಿಲ್ಲ. ಬರಿಯ ಕೇಳಿಸುವ ಕೆಲಸ. ಕನ್ನಡ ಇಂಥ ಆಟಕ್ಕೆ ಎಷ್ಟು ಉದಾರವಾದ ಭಾಷೆ ಎಂಬುದು ಆಗ ನನಗೆ ಕಂಡಿತು. ಹಕ್ಕಿ ಹತ್ತಿ, ಕಾಯಿ ತಾಯಿ, ಕಟ್ಟೆ ತಟ್ಟೆ, ಅಕ್ಕಿ ಅತ್ತಿ, ಗಂಟು ದಂಟು. ಒಂದೇ ಅಕ್ಷರದಿಂದ ಅರ್ಥ ಬದಲಾಗುವ ಜೋಡಿಗಳು ಬೇಕಾದಷ್ಟು. ನನ್ನ ಹೆಂಡತಿ ಹಳೆಯ ಮದುವೆಯ ಕರೆಯೋಲೆಗಳ ಬೆನ್ನಿನ ಮೇಲೆ ಚಿತ್ರ ಬರೆದು ಕಾರ್ಡು ಮಾಡಿದಳು. ಹತ್ತಿಗೆ ಮಾತ್ರ ಚಿತ್ರ ಬೇಕಾಗಲಿಲ್ಲ, ದೀಪದ ಬತ್ತಿ ಹೊಸೆಯುವ ಹತ್ತಿಯನ್ನೇ ಇಟ್ಟೆವು. ನಾನು "ಹಕ್ಕಿ" ಎಂದರೆ ಅವನು ಹಕ್ಕಿಯ ಕಾರ್ಡು ಮುಟ್ಟಬೇಕು, "ಹತ್ತಿ" ಎಂದರೆ ಹತ್ತಿ. ತುಟಿ ನೋಡಿ ಊಹಿಸದಂತೆ ಕೆಲವೊಮ್ಮೆ ಕಾಗದ ಅಡ್ಡ ಹಿಡಿದು ಹೇಳುತ್ತಿದ್ದೆ. ಮೊದಲ ದಿನಗಳಲ್ಲಿ ಅರ್ಧಕ್ಕರ್ಧ ತಪ್ಪು. ಮೂರನೆಯ ವಾರಕ್ಕೆ ಹತ್ತಕ್ಕೆ ಒಂಬತ್ತು ಸರಿ. ಕಿವಿಯ ಪರೀಕ್ಷೆಯಲ್ಲಿ ಎಲ್ಲ ಕೇಳಿದ ಮಗುವಿಗೂ ಎರಡು ಧ್ವನಿಗಳು ಬೇರೆಬೇರೆ ಎಂದು ಗುರುತಿಸಲು ಅಭ್ಯಾಸ ಬೇಕಾಯಿತು.

ಆಮೇಲೆ ಅವನು ಮೇಷ್ಟ್ರು, ನಾವು ವಿದ್ಯಾರ್ಥಿಗಳು. ಅವನು ಹೇಳಿದ್ದನ್ನು ನಾವು ಎತ್ತಿ ಕೊಡಬೇಕು. ಹಕ್ಕಿ ಬೇಕೆಂದು ಮನಸ್ಸಿನಲ್ಲಿಟ್ಟುಕೊಂಡು ಅವನು "ಹತ್ತಿ" ಎಂದ. ನಾನು ಗಂಭೀರವಾಗಿ ಹತ್ತಿಯ ಉಂಡೆ ಕೊಟ್ಟೆ. "ಅಲ್ಲ, ಹತ್ತಿ!" ಇನ್ನೊಂದು ಉಂಡೆ ಕೊಟ್ಟೆ. ಅವನು ಹತ್ತಿಯನ್ನೂ ನನ್ನ ಮುಖವನ್ನೂ ನೋಡಿ ಜೋರಾಗಿ ನಕ್ಕ. ಯಾರೂ ಗದರಿಸದೆ, ಯಾರೂ ತಿದ್ದದೆ, ತನ್ನ ಮಾತಿಗೂ ತನ್ನ ಮನಸ್ಸಿಗೂ ನಡುವೆ ಏನೋ ಕೈತಪ್ಪುತ್ತಿದೆ ಎಂಬುದು ಅವನಿಗೇ ತಿಳಿಯಿತು.

ಇನ್ನು ಧ್ವನಿಯನ್ನು ಹುಟ್ಟಿಸುವ ಕೆಲಸ. ಕಾಗೆಯಂತೆ ಕೂಗು ಎಂದರೆ "ತಾ ತಾ" ಎನ್ನುತ್ತಿದ್ದ. ತಜ್ಞೆ ಅವನನ್ನು ಅಂಗಾತ ಮಲಗಿಸಿ ಅಭ್ಯಾಸ ಮಾಡಿಸಿದರು. ಮಲಗಿದಾಗ ನಾಲಗೆ ತಾನಾಗಿಯೇ ತುಸು ಹಿಂದಕ್ಕೆ ಜಾರುತ್ತದೆ. ಚಮಚದ ಹಿಂಬದಿಯಿಂದ ನಾಲಗೆಯ ತುದಿಯನ್ನು ಮೆಲ್ಲಗೆ ಕೆಳಗೆ ಒತ್ತಿ ಹಿಡಿದರೆ ತುದಿಗೆ ಹಲ್ಲು ಸಿಕ್ಕುವುದಿಲ್ಲ, ಹಿಂಭಾಗ ಏಳಲೇಬೇಕು. ಬೆಚ್ಚಗಿನ ನೀರನ್ನು ಗಂಟಲಲ್ಲಿ ಗಳಗಳ ಎನಿಸುವ ಅಭ್ಯಾಸವನ್ನೂ ಹೇಳಿಕೊಟ್ಟರು. ಮಗುವಿಗೆ ಆ ಜಾಗದ ಪರಿಚಯವೇ ಇರುವುದಿಲ್ಲ, ನೀರು ಅದನ್ನು ಪರಿಚಯಿಸುತ್ತದೆ. ಇವನ್ನು ತಜ್ಞರು ಎದುರಿಗೆ ಮಾಡಿ ತೋರಿಸಿದ ಮೇಲೆಯೇ ಮನೆಯಲ್ಲಿ ಮಾಡಬೇಕು, ಓದಿಕೊಂಡು ಅಲ್ಲ.

ಡಿಸೆಂಬರ್ ಕಡೆಯ ವಾರ, ಬೆಳಗಿನ ಹೊತ್ತು, ನಮ್ಮ ಮನೆಯ ಜಗುಲಿಯಲ್ಲಿ ಚಾಪೆಯ ಮೇಲೆ ಮಲಗಿ ಅವನು ನೀರಿಲ್ಲದೆಯೇ "ಗ್ಗ" ಎಂದ. ಮತ್ತೊಮ್ಮೆ "ಅಗ್ಗ". ನಾನು ಮೆಲ್ಲನೆ "ಅಕ್ಕ" ಎಂದೆ. ಅವನು ಸೂರು ನೋಡುತ್ತ "ಅಕ್… ಕ" ಎಂದ. ಒತ್ತಕ್ಷರದಲ್ಲಿ ನಾಲಗೆ ಕ್ಷಣಕಾಲ ನಿಂತು ಮುಂದುವರಿಯುತ್ತದೆ, ಆ ನಿಲುಗಡೆ ಅವನಿಗೆ ಆಸರೆಯಾಯಿತು. ರಜೆಯೆಂದು ಬಂದಿದ್ದ ಅವನ ಅಕ್ಕ ಒಳಗೆ ದೋಸೆ ತಿನ್ನುತ್ತಿದ್ದಳು. ಎಂಜಲು ಕೈಯಲ್ಲೇ ಓಡಿ ಬಂದು "ನನ್ನ ಕರೆದ್ಯಾ?" ಎಂದು ಕೇಳಿದಳು. ಅವನು ಆ ದಿನವಿಡೀ ಅವಳನ್ನು ಕಾರಣವಿಲ್ಲದೆ ಕರೆಯುತ್ತಲೇ ಇದ್ದ, ಅವಳು ಒಂದು ಬಾರಿಯೂ ಬೇಸರಿಸದೆ ಓಗೊಡುತ್ತಲೇ ಇದ್ದಳು. ಸೊಸೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿಯೂ ನೋಡದಂತಿದ್ದೆ.

ಇಲ್ಲಿಂದ ಎಲ್ಲ ಸಲೀಸಾಯಿತೆಂದು ತಿಳಿಯಬೇಡಿ. ಅಕ್ಕ, ಬೆಕ್ಕು, ಹಕ್ಕಿ ಬಂದವು. ಕಾಗೆ ಬರಲು ಒಂದು ತಿಂಗಳಾಯಿತು. ಕಾರ್ಡು ನೋಡಿ "ಕಾಯಿ" ಎಂದವನು ಅಂಗಳಕ್ಕಿಳಿದ ಕೂಡಲೇ "ತಾಯಿ ಬಿತ್ತು" ಎನ್ನುತ್ತಿದ್ದ. ಫೆಬ್ರವರಿಯಲ್ಲಿ ಇನ್ನೊಂದು ವಿಚಿತ್ರ. ಸರಿಯಾಗಿದ್ದ ತಕಾರಗಳೂ ಕಕಾರವಾಗತೊಡಗಿದವು! ಅತ್ತೆ ಅಕ್ಕೆಯಾದಳು, ತಲೆ ಕಲೆಯಾಯಿತು. "ಮಾವ, ಇದ್ದದ್ದೂ ಹೋಯ್ತಲ್ಲ" ಎಂದು ಸೊಸೆ ಹೆದರಿದಳು. ತಜ್ಞೆಗೆ ಮಾತ್ರ ಸಂತೋಷ. ಹೊಸ ಧ್ವನಿ ಮನಸ್ಸಿನಲ್ಲಿ ಮನೆ ಮಾಡಿದೆ, ಈಗ ಅದರ ಎಲ್ಲೆಯನ್ನು ಹುಡುಕುತ್ತಿದ್ದಾನೆ ಎಂದರು. ಒಂದು ತಿಂಗಳಲ್ಲಿ ಕ ಮತ್ತು ತ ತಮ್ಮ ತಮ್ಮ ಮನೆಗಳಲ್ಲಿ ಕುಳಿತವು. ಅಕ್ಷರದಿಂದ ಪದ, ಪದದಿಂದ ವಾಕ್ಯ, ವಾಕ್ಯದಿಂದ ಮಾತುಕತೆ, ಈ ಮೆಟ್ಟಿಲುಗಳಲ್ಲಿ ಒಂದನ್ನೂ ಹಾರಲಾಗುವುದಿಲ್ಲ.

ಹುಡುಗನಿಗಿಂತ ಹೆಚ್ಚು ಅಭ್ಯಾಸ ಬೇಕಾದದ್ದು ಹಿರಿಯರಿಗೆ. ದಿನಕ್ಕೆ ಎರಡು ಬಾರಿ ಹತ್ತು ಹತ್ತು ನಿಮಿಷ ಆಟ, ಉಳಿದ ಹೊತ್ತಿನಲ್ಲಿ ತಿದ್ದುವಂತಿಲ್ಲ ಎಂಬ ನಿಯಮವನ್ನು ಪಾಲಿಸುವುದು ಅಷ್ಟು ಸುಲಭವಲ್ಲ. ಮಗು "ತಾದೆ ಬಂತು" ಎಂದರೆ, "ಕಾಗೆ ಅನ್ನು, ಇನ್ನೊಂದ್ಸಲ ಹೇಳು" ಎನ್ನಬಾರದು. "ಹೌದೋ, ಕಾಗೆ ಬಂತು. ಕಾಗೆಗೆ ಅನ್ನ ಹಾಕೋಣವಾ?" ಎನ್ನಬೇಕು. ಮಾತಿನ ಅರ್ಥಕ್ಕೆ ಉತ್ತರ ಸಿಕ್ಕಿತು, ಸರಿಯಾದ ರೂಪ ಎರಡು ಬಾರಿ ಕಿವಿಗೆ ಬಿತ್ತು, ಅವಮಾನವಾಗಲಿಲ್ಲ. ನೆಂಟರು ಬಂದಾಗ ಅವನಿಂದ ಹೇಳಿಸಿ ತೋರಿಸುವುದನ್ನು, ಅವನ ಮಾತನ್ನು ಮುದ್ದಿಗಾಗಿ ಅಣಕಿಸುವುದನ್ನು ನಿಲ್ಲಿಸಬೇಕಾಯಿತು. ನನ್ನ ತಂಗಿಗೆ ಇದೇ ಕಷ್ಟವಾದದ್ದು. ಅವಳು ಮೊಮ್ಮಗನೊಡನೆ ತಾನೂ "ತಾಪಿ ತುಡಿತೀಯಾ" ಎಂದೇ ಮಾತನಾಡುತ್ತಿದ್ದಳು. ಅಂಗನವಾಡಿಗೆ ಸೊಸೆ ಹೋಗಿ ವಿಷಯ ತಿಳಿಸಿ, ಅವನಾಡುವ ಇಪ್ಪತ್ತು ಮಾತುಗಳನ್ನೂ ಅವುಗಳ ಅರ್ಥವನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟಳು. ಅವರು ಅದನ್ನು ಗೋಡೆಗೆ ಅಂಟಿಸಿಕೊಂಡರು. ಅವನು ಅಲ್ಲಿ ಮತ್ತೆ ಮಾತನಾಡತೊಡಗಿದ್ದು ಕಕಾರ ಬಂದ ಮೇಲಲ್ಲ, ಆ ಹಾಳೆ ಅಂಟಿಸಿದ ಮೇಲೆ. ತನ್ನ ಮಾತು ತಲುಪುತ್ತದೆ ಎಂಬ ನಂಬಿಕೆ ಮೊದಲು, ಉಚ್ಚಾರಣೆ ಆಮೇಲೆ.

ಶಿಕ್ಷಕ ಮಿತ್ರರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಆಡುಮಾತು ಬೇರೆ, ದೋಷ ಬೇರೆ. ನಮ್ಮ ಮೂರು ತಾಲೂಕುಗಳಲ್ಲಿ ಮನೆಮನೆಗೂ ಕನ್ನಡದ ಬಣ್ಣ ಬೇರೆ. ಶಾಲೆಯನ್ನು ಸಾಲೆ ಎನ್ನುವ, ಮಹಾಪ್ರಾಣವನ್ನು ಅಲ್ಪಪ್ರಾಣವಾಗಿ ಆಡುವ ಮಗುವಿನ ಕಿವಿಯೂ ಸರಿಯಿದೆ, ನಾಲಗೆಯೂ ಸರಿಯಿದೆ. ತನ್ನ ಮನೆಯಲ್ಲಿ ಕೇಳಿದ್ದನ್ನು ಅದು ಸರಿಯಾಗಿಯೇ ಕಲಿತಿದೆ. ಅಂಥ ಮಗುವಿಗೆ ಗ್ರಂಥಸ್ಥ ಭಾಷೆಯನ್ನು ಇನ್ನೊಂದು ಉಡುಪಿನಂತೆ ಕೊಡೋಣ, ಇದ್ದ ಉಡುಪನ್ನು ಹರಿಯುವುದು ಬೇಡ. ಕುವೆಂಪು ಅವರ ಕಾದಂಬರಿಗಳಲ್ಲಿ ಮಲೆನಾಡಿನ ಆಳುಮಕ್ಕಳ ನುಡಿಗೆ ಎಷ್ಟು ಗೌರವವಿದೆ ಎಂಬುದನ್ನು ತೀರ್ಥಹಳ್ಳಿಯ ನೆಲದವರಿಗೆ ನಾನು ಹೇಳಬೇಕಾಗಿಲ್ಲ. ಪರೀಕ್ಷೆ ಸರಳವಾದದ್ದು. ಮಗುವಿನ ಮನೆಯ ಹಿರಿಯರು ಹಾಗೆ ಆಡುತ್ತಾರೆಯೆ ಎಂದು ಕೇಳಿಕೊಳ್ಳಿ. ಯಾವ ಕೇರಿಯಲ್ಲಿಯೂ ಹಿರಿಯರು ಕಾಗೆಯನ್ನು ತಾದೆ ಎನ್ನುವುದಿಲ್ಲ.

ತೋರಿಸುವುದಾದರೂ ಎಲ್ಲಿ ಎಂದು ಕೇಳುವವರಿಗೆ ದಾರಿಗಳಿವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಅದರ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ 6 ವರ್ಷದೊಳಗಿನ ಮಕ್ಕಳನ್ನು ಅಂಗನವಾಡಿಯಲ್ಲಿಯೂ, ಒಂದು ಬಾರಿ 18 ವರ್ಷದವರೆಗಿನವರನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿಯೂ ಪರೀಕ್ಷಿಸಬೇಕು. ಕಿವಿಯ ದೋಷ, ಸೀಳುತುಟಿ, ಸೀಳಂಗುಳು, ಮಾತಿನ ವಿಳಂಬ ಇವೆಲ್ಲ ಅದರ ಪಟ್ಟಿಯಲ್ಲಿವೆ. ತಂಡ ಬಂದ ದಿನ ಮಗುವನ್ನು ತಪ್ಪದೆ ಕಳುಹಿಸಿ, ಸಂಶಯವನ್ನು ಬಾಯಿಬಿಟ್ಟು ಹೇಳಿ. ಅವರಿಗಿರುವ ಕೆಲವೇ ನಿಮಿಷಗಳಲ್ಲಿ ನಾಚಿ ಮೌನವಾಗಿ ನಿಂತ ಮಗುವಿನ ಉಚ್ಚಾರಣೆ ಕಾಣುವುದಿಲ್ಲ. ಮೈಸೂರಿನ ಸಂಸ್ಥೆ ದೂರದಿಂದಲೇ ವಿಡಿಯೋ ಮೂಲಕವೂ ಚಿಕಿತ್ಸೆ ನೀಡುತ್ತದೆ. ನಮ್ಮ ಹುಡುಗನ ಕಡೆಯ ಕೆಲವು ಪಾಠಗಳು, ಅವನ ಹಳ್ಳಿಯಲ್ಲಿ ಸಿಗ್ನಲ್ ಸಿಗುವ ಗುಡ್ಡದ ಮೇಲೆ ಛತ್ರಿ ಹಿಡಿದು ಕುಳಿತು ಹಾಗೆಯೇ ನಡೆದವು.

ದೂರವೇ ನಮ್ಮ ಸೀಮೆಯ ದೊಡ್ಡ ರೋಗ. ಆಸ್ಪತ್ರೆಯಲ್ಲಿ ನಾವು ಕಾಯುತ್ತಿದ್ದಾಗ ತುಮರಿ ಕಡೆಯ ಒಬ್ಬ ತಾಯಿ ಪರಿಚಯವಾಗಿದ್ದರು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು, ಶರಾವತಿಯ ಹಿನ್ನೀರು ದಾಟಿ, ಮತ್ತೆ ಬಸ್ಸು ಹಿಡಿದು ಮಗುವನ್ನು ತರುತ್ತಿದ್ದರು. ಸಂಜೆಯ ಲಾಂಚು ತಪ್ಪಿದರೆಂಬ ಹೆದರಿಕೆಯಿಂದ ಅರ್ಧ ಪಾಠಕ್ಕೇ ಎದ್ದು ಹೋಗುತ್ತಿದ್ದರು. ಲಿಂಗನಮಕ್ಕಿಯ ನೀರು ನಿಂತು ಅರವತ್ತು ವರ್ಷಗಳ ಮೇಲೆ, 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಸೇತುವೆಯ ಸುದ್ದಿ ಓದಿದಾಗ ಎಲ್ಲರಿಗೂ ಸಿಗಂದೂರಿನ ಯಾತ್ರಿಕರು ನೆನಪಾಗಿರಬಹುದು. ನನಗೆ ಆ ತಾಯಿಯೇ ನೆನಪಾದರು.

ನಮ್ಮ ಹುಡುಗ 2023ರ ಜೂನಿನಲ್ಲಿ ಒಂದನೆಯ ತರಗತಿಗೆ ಸೇರಿದ. ಕ, ಗ ಎರಡೂ ಮಾತಿನಲ್ಲಿ ನೆಲೆನಿಂತಿದ್ದವು. ಆತುರವಾದಾಗ, ಜ್ವರ ಬಂದಾಗ ಒಂದೊಂದು ಹಳೆಯ ತಕಾರ ಇಣುಕುತ್ತಿತ್ತು, ಮಳೆಗಾಲ ಮುಗಿಯುವ ವೇಳೆಗೆ ಅದೂ ನಿಂತಿತು. ಕಾಯೋಣ ಎಂದಿದ್ದ ರಕಾರ ಆರೂವರೆ ವರ್ಷಕ್ಕೆ ಯಾರ ಪಾಠವೂ ಇಲ್ಲದೆ ತಾನಾಗಿ ಬಂತು. ಎಲ್ಲ ಮಕ್ಕಳಿಗೂ ಇಷ್ಟು ಬೇಗ ಆಗುವುದಿಲ್ಲ, ಕೆಲವರಿಗೆ ವರ್ಷಗಳೇ ಬೇಕು ಎಂಬುದನ್ನೂ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಕಂಡಿದ್ದೇನೆ. ಈಗ ಅವನು ಮೂರನೆಯ ತರಗತಿಯಲ್ಲಿದ್ದಾನೆ. ತರಗತಿಯಲ್ಲಿ ವಿಪರೀತ ಮಾತು ಎಂದು ಅವನ ಶಾಲೆಯಿಂದ ದೂರು ಬಂದಿದೆ. ಮನೆಯವರು ಅದನ್ನು ಕೇಳಿ ಮುಖ ಗಂಭೀರ ಮಾಡಿಕೊಂಡರಂತೆ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ತರಗತಿಯಲ್ಲಿ ಇಂಥ ಮಗುವಿದ್ದರೆ ಎರಡು ದಿನ ಸುಮ್ಮನೆ ಕುಳಿತು ಅದು ಆಡುವುದನ್ನೆಲ್ಲ ಬರೆದುಕೊಳ್ಳಿ. ನಾಲ್ಕು ವರ್ಷ ದಾಟಿಯೂ ಹೊರಗಿನವರಿಗೆ ಮಾತು ತಿಳಿಯದಿದ್ದರೆ ಆ ಪಟ್ಟಿಯನ್ನು ಹಿಡಿದುಕೊಂಡೇ ಹೋಗಿ ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಮಗುವನ್ನು ತಿದ್ದಬೇಡಿ, ಅದು ಹೇಳುತ್ತಿರುವುದೇನೆಂದು ತಿಳಿದುಕೊಂಡು ಉತ್ತರ ಕೊಡಿ.